ಹಮೀದಾ ಬೇಗಂ ನಗದ ನಗು

ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ‘ರೆಕ್ಕೆರಾಣಿ’ ಬರುವ ಹೊತ್ತಿಗೆ ಶಿಡ್ಲಘಟ್ಟದ ಆ ಗಲ್ಲಿಯಲ್ಲಿ ನೂಲು ಬಿಚ್ಚುವ ಒಲೆಗಳೂ ಆರಿರುತ್ತಿದ್ದವು. ಬೇರೆ ಗ್ರಹದ ಚಿಟ್ಟೆಕುಲದ ರಾಣಿ ಭೂಮಿಗಿಳಿದು ದುಷ್ಟರನ್ನು ಸದೆಬಡಿಯುವ ಆ ಧಾರಾವಾಹಿಯೆಂದರೆ ಹಮೀದಾ ಬೇಗಂಗೆ ಪ್ರಾಣ. ಈಗ ರಾಣಿ ಹುಟ್ಟುವ ಮೊದಲಿನ ಕಥೆಯನ್ನೂ ಬೇರೆ ಧಾರಾವಾಹಿ ಮಾಡುತ್ತಾರಂತೆ, ಅದಕ್ಕೆ ಅವಳ ಮನೆಯ ರೇಷ್ಮೆ ಒಲೆಯೇ ಬೇಕಂತೆ! ಅವಳು ಗೋಡೆಗೆ ಸುಣ್ಣ ಬಳಿಸಿದಳು, ಮೇಲೂರಿನ ಬೀಗರಿಗೆಲ್ಲ ಹೇಳಿ ಕಳಿಸಿದಳು.

“ನೀವು ದಿನಾ ಮಾಡೋ ಕೆಲಸಾನೇ ಮಾಡಿ ಅಮ್ಮಾ, ಅಷ್ಟೇ” ಎಂದಿದ್ದ ನಿರ್ದೇಶಕ.

ಶೂಟಿಂಗ್ ದಿನ ಅವಳಿಗೊಂದು ಕರಿ ನಿಲುವಂಗಿ ತೊಡಿಸಿದರು. ಆ ಗ್ರಹದಲ್ಲಿ ಕೆಲಸದವರ ಬಟ್ಟೆ ಹೀಗಿರಬೇಕು ಅಂದುಕೊಂಡಳು. ಮೇಕಪ್ಪಿನವನು ಅವಳ ಕೈ ಹಿಡಿದು ನೋಡಿದ. ವರ್ಷಗಟ್ಟಲೆ ಬಿಸಿನೀರಲ್ಲಿ ಬೆಂದು ಬಿಳಿಚಿ, ಬಿರಿದ ಕೈ.

“ಕೈಗೇನೂ ಬೇಡ. ಹಿಂಗೇ ಭಯಂಕರವಾಗಿದೆ” ಎಂದ ನಿರ್ದೇಶಕ. ಮನೆಗೆ ಬಂದವರು ಎಂದು ಹಮೀದಾ ಸಿಟ್ಟು ನುಂಗಿಕೊಂಡಳು.

ಕ್ಯಾಮೆರಾ ಓಡಿತು. ಕುದಿನೀರಿಗೆ ರೇಷ್ಮೆಗೂಡು ಸುರಿಯುವ ಮೊದಲು ಒಳಗಿನ ಹುಳುಗಳ ಕ್ಷಮೆ ಕೇಳಬೇಕೆಂದು ಅತ್ತೆ ಕಲಿಸಿದ್ದರು. ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ.

“ಬಿಸ್ಮಿಲ್ಲಾ. ಮಾಫ್ ಕರೋ” ಎಂದು ಸುರಿದಳು.

“ಕಟ್! ಅಮ್ಮಾ, ಮಾತಾಡಬೇಡಿ. ಜೋರಾಗಿ ನಗಿ.”

ಮತ್ತೆ ಸುರಿದಳು, ಬಾಯಿ ತಾನಾಗಿ ಅದನ್ನೇ ಹೇಳಿತು. ಇನ್ನೊಮ್ಮೆಯೂ ಹಾಗೇ ಆದಾಗ ನಿರ್ದೇಶಕ ಟೋಪಿ ಕಿತ್ತೆಸೆದ.

“ರಾಕ್ಷಸಿ ಕ್ಷಮೆ ಕೇಳ್ತಾಳೇನ್ರೀ!”

“ಯಾರು ರಾಕ್ಷಸಿ?”

ಅವನು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದ. ರಾಣಿಯ ಕುಲವನ್ನೆಲ್ಲ ಗೂಡಿನೊಳಗೇ ಬೇಯಿಸಿ ಕೊಂದ ರಾಕ್ಷಸಿಯ ಪಾತ್ರ ಅವಳದು.

ಹಮೀದಾಳ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಅವಳ ಕೈಯ ಬಿರಿಯಾನಿಯನ್ನೇ ಚಪ್ಪರಿಸಿದ್ದರು, ಉಂಡ ಮನೆಗೆ ಎರಡು ಬಗೆಯುವ ಜನ! ಎದುರಿಗೆ, ಅವಳದೇ ಮಂಚದ ಮೇಲೆ, ರಾಣಿಯ ತಾಯಿಯ ಪಾತ್ರದ ನಟಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು.

“ಆ ಸೀರೆ ಆಕಾಶದಿಂದ ಉದುರ್ತಾ? ಉಟ್ಟೋಳು ರಾಣಿ, ನೂಲು ಬಿಚ್ಚೋಳು ರಾಕ್ಷಸೀನಾ? ನಾನು ದಿನಾ ಕೊಲ್ತೀನಿ, ದಿನಾ ಮಾಫಿ ಕೇಳ್ತೀನಿ. ನೀವು ಉಡೋವಾಗ ಒಂದು ದಿನಾನಾದ್ರೂ ಕೇಳಿದ್ದೀರಾ?”

ಪಕ್ಕದಲ್ಲಿದ್ದ ಬಕೆಟ್ ಎತ್ತಿ ಒಲೆಗೆ ನೀರು ಸುರಿದಳು. ಹೊಗೆಗೆ ಕೆಮ್ಮುತ್ತ ಅವರೆಲ್ಲ ಸಾಮಾನು ಕಟ್ಟಿಕೊಂಡು ಹೊರಟರು. ಗಲ್ಲಿಗೆ ಗಲ್ಲಿಯೇ ಭೇಷ್ ಅಂದಿತು.

ಹೊಸ ಧಾರಾವಾಹಿ ಶುರುವಾದ ಭಾನುವಾರ, ತನ್ನನ್ನು ತೆಗೆದುಹಾಕಿರುತ್ತಾರೆಂಬ ಧೈರ್ಯದಲ್ಲಿ ಹಮೀದಾ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಟೀವಿ ಮುಂದೆ ಕೂತಳು. ಪರದೆ ತುಂಬ ಎರಡು ಕೈ. ಬಿಳಿಚಿದ, ಬಿರಿದ ಕೈ. ಅವು ಕುದಿನೀರಿಗೆ ಗೂಡು ಸುರಿದವು. ಅದರ ಮೇಲೆ ಬೇರೆ ಯಾರೋ ಹೆಂಗಸಿನ ಗಹಗಹಿಸುವ ನಗು ಕೂಡಿಸಿದ್ದರು.

“ಅಯ್ಯೋ, ನಿಮ್ ಕೈ ಕಣಮ್ಮ! ಏನ್ ನಗು ನಗ್ತೀರಮ್ಮ!” ಎಂದು ಪಕ್ಕದ ಮನೆಯ ಗಂಗುಲಮ್ಮ ಚಪ್ಪಾಳೆ ತಟ್ಟಿದಳು.

ಮೊಮ್ಮಗಳು ಆ ಕೈ ನೋಡಿದಳು, ತನ್ನನ್ನು ಹಿಡಿದಿದ್ದ ಕೈ ನೋಡಿದಳು, ಮೆಲ್ಲಗೆ ಮಡಿಲಿನಿಂದ ಇಳಿದಳು.

“ಕೈ ನಂದೇ ಕಣಮ್ಮ!” ಹಮೀದಾ ಕೂಗಿದಳು. “ನಗು ನಂದಲ್ಲ! ಅಲ್ಲಾನಾಣೆ, ನಾನು ನಗಲಿಲ್ಲ!”

ಮಗು ಬಾಗಿಲ ಹತ್ತಿರವೇ ನಿಂತಿತ್ತು. ಎಷ್ಟು ಕರೆದರೂ ಆ ಕೈಗಳ ಹತ್ತಿರ ಬರಲಿಲ್ಲ.