ಹನ್ನೊಂದನೇ ಮಗ್ಗದ ಗೆರೆ

ಪಂಚಗಂಗೆಯಿಂದ ಹಿರಣ್ಯಕೇಶಿಯವರೆಗಿನ ಈ ನಾಡಿನಲ್ಲಿ ರಾಜ್ಯಗಳು ಬಂದು ಹೋಗಿವೆ, ಗಡಿಗಳು ಅತ್ತಿತ್ತ ಸರಿದಿವೆ, ಮಹಾಪೂರಗಳು ಮನೆಯ ಅಟ್ಟದವರೆಗೆ ಏರಿ ಇಳಿದಿವೆ. ಇವನ್ನೆಲ್ಲ ಬರೆದಿಟ್ಟವರಿದ್ದಾರೆ. ಆದರೆ ಈ ವರ್ಷದ ದೀಪಾವಳಿಯ ಭಾವುಬೀಜದ ದಿನ ಬೆಳಿಗ್ಗೆ ಎಂಟೂವರೆಗೆ, ಇಚಲಕರಂಜಿಯ ಮಗ್ಗದ ಮಾಲಕ ಮಹಾವೀರ, ವಯಸ್ಸು ಐವತ್ತೆರಡು, ಜೀವಮಾನದಲ್ಲಿ ಮೊದಲ ಸಲ ಒಂದು ಸೀರೆ ಕೊಳ್ಳಲು ಮನೆಯಿಂದ ಹೊರಬಿದ್ದ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಬಟ್ಟೆಯ ವಿಷಯದಲ್ಲಿ ಮಹಾವೀರ ಸಾಮಾನ್ಯನಲ್ಲ. ಅವನ ಶೆಡ್ಡಿನ ಹದಿನಾರು ಮಗ್ಗಗಳು ಎರಡು ಪಾಳಿಯಲ್ಲಿ ತೆಳ್ಳಗಿನ ಬಿಳಿ ಮಲಮಲ್ ನೇಯುತ್ತವೆ. ನೇಯ್ದ ತಾನುಗಳು, ಎಂದರೆ ಬಟ್ಟೆಯ ಸುರುಳಿಗಳು, ವ್ಯಾಪಾರಿಯ ಟೆಂಪೋ ಹತ್ತಿ ಹೋಗುತ್ತವೆ. ಮುಂದೆ ಅವಕ್ಕೆ ಯಾವ ಊರಿನಲ್ಲಿ ಬಣ್ಣ ಬೀಳುತ್ತದೆ, ಯಾರ ಮೈಮೇಲೆ ಏರುತ್ತವೆ ಎಂದು ಅವನು ಕೇಳಿದವನಲ್ಲ. ಆದರೂ ಯಾವುದೇ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿ ಅದರ ಜಾತಕ ಹೇಳಬಲ್ಲೆ ಎಂಬ ಹೆಮ್ಮೆ ಅವನದು. ಮದುವೆಮನೆಗಳಲ್ಲಿ ಗುರುತಿಲ್ಲದವರ ಅಂಗಿಯ ತೋಳು ಹಿಡಿದು ಉಜ್ಜಲು ಹೋಗಿ ಎರಡು ಸಲ ಬೈಸಿಕೊಂಡಿದ್ದಾನೆ.

ಇಂಥವನಿಗೆ ಗಡಹಿಂಗ್ಲಜದಲ್ಲಿ ಒಬ್ಬ ತಂಗಿ. ಅಲಕಾ. ಪ್ರತಿವರ್ಷ ಭಾವುಬೀಜಕ್ಕೆ ಅವಳ ಮನೆಗೆ ಹೋಗಿ, ಆರತಿ ಬೆಳಗಿಸಿಕೊಂಡು, ತಾಟಿನಲ್ಲಿ ಉಡುಗೊರೆ ಇಟ್ಟು ಬರುವುದು ಅಣ್ಣನ ಕರ್ತವ್ಯ. ಹನ್ನೆರಡು ವರ್ಷಗಳಿಂದ ಮಹಾವೀರ ಇಟ್ಟು ಬಂದದ್ದು ತನ್ನ ಶೆಡ್ಡಿನ ಒಂದೊಂದು ಬಿಳಿ ತಾನು. ಅಲಕಾ ಅದರಲ್ಲಿ ದಿಂಬಿಗೆ ಗವಸು ಹೊಲಿದಳು, ಕಿಟಕಿಗೆ ಪರದೆ ಕಟ್ಟಿದಳು, ಶ್ರೀಖಂಡಕ್ಕೆ ಮೊಸರು ಗಂಟು ಹಾಕಿದಳು, ಹಪ್ಪಳ ಒಣಗಿಸಿದಳು. ಅವಳ ಗಂಡ ಭೂಪಾಲ, ಮೆಣಸಿನಕಾಯಿ ವ್ಯಾಪಾರಿ, ಹೋದ ವರ್ಷ ಆ ತಾನನ್ನು ಬಿಚ್ಚುತ್ತಿದ್ದಂತೆ ನೆಂಟನಿಗೆ ಕೈಮುಗಿದಿದ್ದ: "ಪಾವಣೇರ, ನಿಮ್ಮ ದಯಾದಿಂದ ನಮ್ಮನ್ಯಾಗ ಕುಡಿಯೂ ನೀರು ಗಾಳಸಾಕ ಮುಂದಿನ ಜನ್ಮಕ್ಕೂ ಬಟ್ಟಿ ಕಡಿಮಿ ಬೀಳಂಗಿಲ್ಲ."

ಈ ವರ್ಷ ಧನತ್ರಯೋದಶಿಗೇ ಅಲಕಾಳ ಫೋನು ಬಂತು.

"ಅಣ್ಣಾ, ಈ ಸಲ ನಿನ್ನ ಮಗ್ಗದ್ದು ತಂದಿ ಅಂದ್ರ ಆರತಿ ತಾಟು ಕೆಳಗಿಟ್ಟು ಒಳಗ ಹೋಗ್ತೇನಿ. ಬ್ಯಾರೇದವ್ರು ನೇದದ್ದು ತಾ. ಅಂಗಡ್ಯಾಗ ಹೋಗಿ, ನಿಂತು, ಆರಿಸಿ ತಾ."

ಅಲಕಾ ಅಂದದ್ದನ್ನು ಮಾಡುವವಳು. ಏಳನೇ ಇಯತ್ತೆಯಲ್ಲಿದ್ದಾಗ ಬೆಂಡೆಕಾಯಿ ಬಿಟ್ಟೆ ಎಂದವಳು ಇವತ್ತಿನವರೆಗೂ ಮುಟ್ಟಿಲ್ಲ. ಮಹಾವೀರನಿಗೆ ದಿಗಿಲಾಯಿತು. ಭಾವುಬೀಜದ ದಿನ ಕುಂಕುಮವಿಲ್ಲದ ಖಾಲಿ ಹಣೆಯಲ್ಲಿ ಇಚಲಕರಂಜಿಗೆ ಮರಳುವುದೆಂದರೆ, ಅದೂ ಹೆಂಡತಿಯ ಅಣ್ಣ ಅವಳಿಂದ ಆರತಿ ಮಾಡಿಸಿಕೊಂಡು ಮನೆಯಲ್ಲಿ ಕೂತಿರುವ ಹೊತ್ತಿಗೆ!

ದಿಗಿಲಾದವನು ಮರುದಿನವೇ ಪೇಟೆಗೆ ಹೋಗಬೇಕಿತ್ತು. ಅವನು ಭಾವುಬೀಜದ ಬೆಳಿಗ್ಗೆ ಹೊರಟ. ಕೆಲಸವನ್ನು ಮುಂದಕ್ಕೆ ಹಾಕುವುದರಲ್ಲಿ ಅವನಿಗೆ ಅಭ್ಯಾಸವಿತ್ತು. ಹೊಸ್ತಿಲು ದಾಟುವಾಗಲೇ ಜಾಬರ್ ಲಗಮಣ್ಣನ ಫೋನು. ಮಗ್ಗಗಳ ರಿಪೇರಿ ಅವನ ಕೆಲಸ.

"ಸಾವಕಾರ್ರ, ಹನ್ನೊಂದರ ಫಣಿ ಬದಲಸೂದು ಯಾವಾಗ್ರಿ? ಹೋದ ದೀಪಾವಳಿಗಿಂತ ಮೊದ್ಲಿಂದ ಹೇಳಾಕತ್ತೇನಿ."

ಫಣಿ ಎಂದರೆ ಮಗ್ಗದ ಬಾಚಣಿಗೆ. ಹಾಸಿನ ನೂಲುಗಳು ಅದರ ಹಲ್ಲುಗಳ ನಡುವೆ ಹಾದು ಬರುತ್ತವೆ. ಹನ್ನೊಂದನೇ ಮಗ್ಗದ ಫಣಿಯಲ್ಲಿ ಒಂದು ಹಲ್ಲು ಬಾಗಿತ್ತು. ಅದರಿಂದಾಗಿ ಅಂಚಿನಿಂದ ನಾಲ್ಕು ಬೆರಳು ಒಳಗೆ, ತಾನಿನ ಉದ್ದಕ್ಕೂ, ಒಂದು ಸಣ್ಣ ಗೆರೆ ಬೀಳುತ್ತಿತ್ತು.

"ಹಬ್ಬ ಆಗ್ಲಿ ತಡಿಯೋ," ಎಂದ ಮಹಾವೀರ. ಹೋದ ವರ್ಷವೂ ಹಾಗೇ ಅಂದಿದ್ದ.

"ಕೊಲ್ಲಾಪುರಕ್ಕ ಹೊಂಟೀರಿ, ಕುಕ್ಕರಿಗೆ ಒಂದು ರಬ್ಬರ್ ರಿಂಗ್ ತರ್ರಿ," ಎಂದಳು ಹೆಂಡತಿ ರುಪಾಲಿ. "ಸೀರಿ ಆರಿಸಾಕ ಬರ್ಲಿಲ್ಲಂದ್ರ ನಮ್ಮ ಅಣ್ಣಗ ಫೋನ್ ಹಚ್ರಿ. ಅವ ಛಲೋ ಆರಿಸ್ತಾನ."

"ನನಗ ಬಟ್ಟಿ ಆರಿಸೂದು ನಿಮ್ಮಣ್ಣ ಕಲಿಸಬೇಕೇನು?" ಎಂದು ಗುಡುಗಿ, ಚಷ್ಮಾ ಟೀವಿಯ ಮೇಲೆ ಮರೆತು, ಮಹಾವೀರ ಬಸ್ಸು ಹತ್ತಿದ.

ಕೊಲ್ಹಾಪುರದ ಮಹಾದ್ವಾರ ರಸ್ತೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಕೊನೆಯ ದಿನದವರೆಗೆ ಕಾದವನು ತಾನೊಬ್ಬನೇ ಎಂದುಕೊಂಡಿದ್ದ ಅವನಿಗೆ, ಜಿಲ್ಲೆಯ ಅಣ್ಣತಮ್ಮಂದಿರೆಲ್ಲ ತನ್ನಂಥವರೇ ಎಂಬುದು ತಿಳಿಯಿತು. ಕುಕ್ಕರಿನ ರಿಂಗಿಗೇ ಮೂರು ಅಂಗಡಿ ಹಿಡಿಯಿತು. "ತೀನ ಲೀಟರಚಂ ಕೀ ಪಾಚ?" ಎಂದು ಕೇಳಿದರು. ದಿನಾ ಆ ಕುಕ್ಕರಿನ ಅನ್ನ ಉಣ್ಣುವವನಿಗೆ ಅದು ಮೂರು ಲೀಟರಿನದೋ ಐದು ಲೀಟರಿನದೋ ಗೊತ್ತಿರಲಿಲ್ಲ. ಕೈಯಲ್ಲಿ ಗಾಳಿಯಲ್ಲೊಂದು ಕುಕ್ಕರು ಬರೆದು ತೋರಿಸಿದ. ಅಂಗಡಿಯವನು ಆ ಗಾಳಿ ಕುಕ್ಕರಿಗೆ ಸರಿಹೊಂದುವ ರಿಂಗು ಕೊಟ್ಟ.

ಮೊದಲ ಸೀರೆ ಅಂಗಡಿಯಲ್ಲಿ ಪೈಠಣಿ ಎಂದು ಹರವಿದ್ದನ್ನು ಉಜ್ಜಿ ನೋಡಿ, ಇದರಲ್ಲಿ ರೇಷ್ಮೆಯ ಹೆಸರೂ ಇಲ್ಲ ಎಂದು ಸುತ್ತಲಿನ ಹೆಣ್ಣುಮಕ್ಕಳಿಗೆ ವಿವರಿಸತೊಡಗಿದ. "ಕಾಕಾ, ಘ್ಯಾಯಚೀ ತರ ಘ್ಯಾ, ಶಾಳಾ ಭರವೂ ನಕಾ," ಎಂದ ಮಾಲಕ. ಕೊಳ್ಳುವುದಿದ್ದರೆ ಕೊಳ್ಳಿ, ಶಾಲೆ ತೆರೆಯಬೇಡಿ. ಎರಡನೇ ಅಂಗಡಿಯಲ್ಲಿ ತಂಗಿ ಬೆಳ್ಳಗೋ ಕಪ್ಪೋ ಎಂದು ಕೇಳಿದರು. ಐವತ್ತು ವರ್ಷ ಕಂಡ ಮುಖ. ಬಹಳ ಯೋಚಿಸಿ, "ಸಾಧಾರಣ," ಎಂದ. ಮೂರನೆಯದರಲ್ಲಿ ಅವನು ಸೀರೆಗಳನ್ನು ಉಜ್ಜುತ್ತ ನಿಂತಿದ್ದ ಭಂಗಿಗೆ ಒಬ್ಬ ಹೆಂಗಸು ಅವನನ್ನೇ ಅಂಗಡಿಯಾಳೆಂದು ತಿಳಿದು, "ಭಾವು, ತೀ ವರಚೀ ಕಾಢಾ," ಎಂದಳು. ಇಲ್ಲ ಎನ್ನುವುದು ಹೇಗೆಂದು ತೋಚದೆ ಮಹಾವೀರ ಮೇಲಿನ ಸಾಲಿನಿಂದ ತೆಗೆದುಕೊಟ್ಟ. ಹೀಗೆ ಮೂರು ಸೀರೆ ತೆಗೆದ. ಅವಳು ಒಂದನ್ನು ಕೊಂಡು ಹೋದಳು. ಮಧ್ಯಾಹ್ನ ಒಂದರ ಹೊತ್ತಿಗೆ ಅವನ ಕೈಯಿಂದ ಮಾರಾಟವಾದ ಸೀರೆ ಒಂದು, ಅವನು ಕೊಂಡದ್ದು ಸೊನ್ನೆ.

ನಾಲ್ಕನೇ ಅಂಗಡಿಯ ರಾಮಲಿಂಗ ಎಂಬವನು ಅವನ ಮರಾಠಿ ಕೇಳಿ ನಕ್ಕ.

"ಕನ್ನಡದವ್ರೇನ್ರಿ? ಮೊದ್ಲಽ ಹೇಳಬಾರ್ದ! ನಮ್ಮ ಅವ್ವನ ತವರುಮನಿ ಸಂಕೇಶ್ವರ. ಕೂಡ್ರಿ, ನೀರು ಕುಡೀರಿ. ನಿಮ್ಮಂಥಾ ತಿಳಿದವ್ರಿಗೆ ಅಂತನಽ ಒಂದು ಮಾಲು ಇಟ್ಟೇನಿ."

ಕಪಾಟಿನೊಳಗಿಂದ ಬಂದದ್ದು ನೀಲಿ ಬಣ್ಣದ ಮಲಮಲ್ ಸೀರೆ, ಮೇಲೆ ಬಿಳಿ ಹೂವಿನ ಅಚ್ಚು. ಮಹಾವೀರನ ಹೆಬ್ಬೆರಳು ಅದರ ಮೇಲೆ ಕೂತಿತು, ಮತ್ತೆ ಏಳಲಿಲ್ಲ. ಇಡೀ ದಿನದ ದಣಿವು ಇಳಿದಂತಾಯಿತು. ಏನೋ ಆತ್ಮೀಯತೆ!

"ಬಟ್ಟಿ ಅಂದ್ರ ಇದು," ಎಂದ.

"ಜೈಪುರದ್ರಿ ಸಾಹೇಬ್ರ."

"ಹೇಳೂದ ಬ್ಯಾಡ, ನನಗ ಗೊತ್ತಾತು. ನಾನೂ ಮಗ್ಗದವ್ನ. ನಮ್ಮ ಇಚಲಕರಂಜ್ಯಾಗ ಸಾಯೂತನಕ ನೇದ್ರೂ ಇಂಥಾದ್ದು ಬರಂಗಿಲ್ಲ. ಯಾಕ ಹೇಳು? ನಮ್ಮ ಮಂದಿಗೆ ಕಸಬಿನ ಮ್ಯಾಲೆ ಪ್ರೀತಿ ಇಲ್ಲ. ಫಣಿ ಕೆಟ್ರ ವರ್ಷಗಟ್ಲೆ ಬದಲಸಂಗಿಲ್ಲೋ ಮಾರಾಯಾ!"

"ಹೌದ್ರಿ, ಖರೇ ಐತ್ರಿ," ಎಂದು ರಾಮಲಿಂಗ ಸೀರೆಯನ್ನು ಡಬ್ಬಿಗೆ ಹಾಕಿದ. ಮಹಾವೀರ ಚೌಕಾಶಿ ಮಾಡಲಿಲ್ಲ. ಕಲೆಗೆ ಚೌಕಾಶಿ ಮಾಡಬಾರದು ಎಂದು ತನಗೆ ತಾನೇ ಹೇಳಿಕೊಂಡ.

ಬಸ್‌ಸ್ಟ್ಯಾಂಡಿನಲ್ಲಿ ಗಡಹಿಂಗ್ಲಜ ಗಾಡಿಯ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದ. ಒಳಗೆ ಹೋಗಿ ನೋಡಿದರೆ ಅದೇ ಸೀಟಿನ ಮೇಲೆ ಮೂರು ಕರವಸ್ತ್ರಗಳಿದ್ದವು. ತನ್ನದನ್ನು ಗೌರವದಿಂದ ಮಡಚಿಕೊಂಡು ನಿಪ್ಪಾಣಿಯವರೆಗೆ ನಿಂತ. ಸೀರೆಯ ಡಬ್ಬಿಯನ್ನು ಮಾತ್ರ ಕೂಸಿನಂತೆ ಎದೆಗೊತ್ತಿಕೊಂಡಿದ್ದ.

ಗಡಹಿಂಗ್ಲಜ ಮುಟ್ಟಿದಾಗ ಐದು ಗಂಟೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಜೈನರ ಮನೆ ಅದು. ಹಜಾರದಲ್ಲಿ ಮಣೆ ಹಾಕಿ, ಸುತ್ತ ರಂಗೋಲಿ ಬಿಟ್ಟು, ಅಲಕಾ ಕಾಯುತ್ತಿದ್ದಳು. ಮಹಾವೀರ ಕೈಕಾಲು ತೊಳೆದು, ತಲೆಗೆ ಟೊಪ್ಪಿಗೆ ಇಟ್ಟು ಕೂತ.

"ಆರತಿ ಆಮ್ಯಾಲೆ," ಎಂದಳು ಅಲಕಾ. "ಮೊದ್ಲ ಡಬ್ಬಿ ಬಿಚ್ಚು."

ಬಿಚ್ಚಿದ. ನೀಲಿ ಸೀರೆಯನ್ನು ಅವಳು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹನ್ನೆರಡು ವರ್ಷದಲ್ಲಿ ಇಂಥದು ಮೊದಲ ಸಲ. "ಬಾಳಕ್ಕಾ, ಬಾ ಇಲ್ಲೆ!" ಎಂದು ಪಕ್ಕದ ಮನೆಯವಳನ್ನು ಕೂಗಿದಳು. "ನೋಡ, ನಮ್ಮಣ್ಣಗ ಐವತ್ತೆರಡಕ್ಕ ಬುದ್ಧಿ ಬಂತು! ಎಷ್ಟು ತೆಳ್ಳಗ ಐತಿ ನೋಡ ಇದು." ತೆಳುವನ್ನು ತೋರಿಸಲು ಸೆರಗು ಬಿಚ್ಚಿ ಅಂಗಳದ ಇಳಿಬಿಸಿಲಿಗೆ ಹಿಡಿದಳು.

ಮಣೆಯ ಮೇಲಿಂದ, ಚಷ್ಮಾ ಇಲ್ಲದೆಯೂ, ಮಹಾವೀರ ಕಂಡ. ಅಂಚಿನಿಂದ ನಾಲ್ಕು ಬೆರಳು ಒಳಗೆ, ನೀಲಿಯ ನಡುವೆ, ಬಿಸಿಲನ್ನು ಸೋಸುತ್ತ ನೇರ ಹೋಗಿತ್ತು ಒಂದು ಗೆರೆ. ಇಚಲಕರಂಜಿಯಿಂದ ಟೆಂಪೋ ಹತ್ತಿ, ಜೈಪುರಕ್ಕೆ ಹೋಗಿ, ಮೈಗೆ ಬಣ್ಣ ಬಳಿದುಕೊಂಡು, ಕೊಲ್ಹಾಪುರದಲ್ಲಿ ಅವನಿಗೇ ಮಾರಾಟವಾಗಿ ಬಂದಿತ್ತು ಅವನ ಹನ್ನೊಂದನೇ ಮಗ್ಗ. ಹೆಬ್ಬೆರಳು ತಪ್ಪಿರಲಿಲ್ಲ. ಅದು ತನ್ನವರನ್ನು ಗುರುತು ಹಿಡಿದಿತ್ತು. ಗುರುತು ಹಿಡಿಯದವನು ಹೆಬ್ಬೆರಳಿನ ಮಾಲಕ.

ಸುಮ್ಮನಿದ್ದರೆ ಆರತಿ ಸಿಗುತ್ತಿತ್ತು. ಸುಮ್ಮನಿರುವ ನಿರ್ಧಾರವನ್ನೂ ಅವನು ಮಾಡಿದ್ದ.

"ನೇಯೂದಂದ್ರ ಇದು," ಎಂದಳು ಅಲಕಾ. "ಯಾವ ಪುಣ್ಯವಂತ ನೇದಾನೋ! ನೋಡಿ ಕಲಿ, ಅಣ್ಣಾ."

ಇದನ್ನು ತಡೆಯುವುದು ಅವನಿಂದಾಗಲಿಲ್ಲ. ಸತ್ಯದ ಮೇಲಿನ ಪ್ರೀತಿ ಕಾರಣ ಎನ್ನಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ, ಹನ್ನೆರಡು ವರ್ಷ ಕಾದ ಹೊಗಳಿಕೆ ಕಣ್ಣೆದುರೇ ಬೇರೊಬ್ಬನ ಪಾಲಾಗುತ್ತಿತ್ತು.

"ಅಲಕಾ, ಅದು ನಂದಽ," ಎಂದ. "ನನ್ನ ಹನ್ನೊಂದನೇ ಮಗ್ಗದ್ದು."

ಅಲಕಾಳ ಕೈ ಆರತಿ ತಾಟಿನ ಕಡೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಭೂಪಾಲ ನಗತೊಡಗಿದ.

"ಪಾವಣೇರ, ಕೊಲ್ಲಾಪುರದ ಅಂಗಡ್ಯಾಗ ಕೊಂಡಿದ್ದೂ ನಿಮ್ಮದಽ ಅಂತೀರಿ. ನಾಳೆ ಅಂಬಾಬಾಯಿ ಗುಡಿನೂ ನಿಮ್ಮ ಮುತ್ಯಾನಽ ಕಟ್ಟಿಸ್ಯಾನ ಅಂದೀರಿ!"

"ದೇವರಾಣಿ! ಆ ಗೆರಿ ನೋಡ್ರಿ. ಫಣಿ ಹಲ್ಲು ಬಾಗೇತಿ, ಅದರದ್ದು. ಹೋದ ವರ್ಷ ಕೊಟ್ಟ ತಾನಿನಾಗೂ ಐತಿ. ನಿಮ್ಮ ನೀರಿನ ಕೊಡದ ಮ್ಯಾಲೆ ಕಟ್ಟೀರಲ್ಲ, ತರ್ರಿ ಅದನ್ನ!"

ಬಾಳಕ್ಕ ಓಡಿಹೋಗಿ ಕೊಡದ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ ತಂದಳು. ಅಲಕಾ ಅದನ್ನು ಒಂದು ಕೈಯಲ್ಲಿ, ಸೆರಗನ್ನು ಇನ್ನೊಂದು ಕೈಯಲ್ಲಿ ಬಿಸಿಲಿಗೆ ಹಿಡಿದಳು. ಅಂಚಿನಿಂದ ನಾಲ್ಕು ಬೆರಳು, ಅಲ್ಲೂ ಗೆರೆ, ಇಲ್ಲೂ ಗೆರೆ. ಅವಳು ಬಹಳ ಹೊತ್ತು ನೋಡಿದಳು. ಮಹಾವೀರ ಮಣೆಯಿಂದ ಏಳಲು ಟೊಪ್ಪಿಗೆಗೆ ಕೈ ಹಾಕಿದ.

"ಇದು ಐಬು," ಎಂದಳು ಅಲಕಾ, ಬಿಳಿಯದನ್ನು ತೋರಿಸಿ. ಆಮೇಲೆ ನೀಲಿಯದನ್ನು ತೋರಿಸಿ, "ಇದು ಡಿಸೈನು."

"ಎರಡೂ ಒಂದಽ ಅಲ್ಲೇನ?" ಎಂದ ಮಹಾವೀರ.

"ಸುಮ್ಮ ಕೂಡ! ಇಷ್ಟು ಚಂದ ನಿನಗ ಬರ್ತಿದ್ರ ಹನ್ನೆರಡು ವರ್ಷ ಯಾಕ ಹಂಗ ತಂದಿ? ಮಾರಿ ಮ್ಯಾಲೆ ಮಾಡು. ಕುಂಕುಮ ಹಚ್ಚಬೇಕು."

ಹೊತ್ತು ಮುಳುಗುವ ಮೊದಲು ಆರತಿ ಆಯಿತು, ಊಟವೂ ಆಯಿತು. ಹೊರಡುವಾಗ ಬಾಳಕ್ಕ ತನಗೂ ಅಂಥದೇ ಒಂದು ಸೀರೆ ಬೇಕೆಂದಳು, ಅದೇ ಅಂಗಡಿಯದು, ಗೆರೆ ಇರುವುದೇ. ಎರಡು ದಿನ ಬಿಟ್ಟು ಲಗಮಣ್ಣ ಮತ್ತೆ ಕೇಳಿದ. ಹಬ್ಬ ಮುಗಿದಿತ್ತು.

ಕುಕ್ಕರಿನ ರಿಂಗು ಸಣ್ಣದಾಯಿತು. ಹನ್ನೊಂದನೇ ಮಗ್ಗದ ಫಣಿಯನ್ನು ಬದಲಿಸಲಿಲ್ಲ.