ಹಚ್ಚೊಳ್ಳಿಯ ಅಂಕಿ

“ನಮ್ಮ ಹೊಲದ ಅಂಕಿ ಹಾಕಿ ನೋಡಾಕ ಬರ್ತೈತೇನ್ರಿ?” ಸಿರುಗುಪ್ಪ ಕಡೆಯ ಹಚ್ಚೊಳ್ಳಿಯ ರೈತ ಉಚ್ಚೆಂಗೆಪ್ಪ ಹಿಂದಿನ ಬೆಂಚಿನಿಂದ ಎದ್ದು ಕೇಳಿದ.

ಬಳ್ಳಾರಿಯ ಆ ಖಾಸಗಿ ಕಂಪ್ಯೂಟರ್ ಕೇಂದ್ರದಲ್ಲಿ ಅಂದು ಕಾಲುವೆ ನೀರಿನ ಸರದಿ ಹಾಕುವ ಪ್ರೋಗ್ರಾಮಿನ ಪ್ರದರ್ಶನವಿತ್ತು. ಹೋದ ಹಂಗಾಮಿನಲ್ಲಿ ಸಿರುಗುಪ್ಪ ಕಡೆ ನಡೆಸಿ ನೋಡಿದ್ದನ್ನು ಈಗ ಇಡೀ ಕಾಲುವೆಗೆ ತರುವ ಮಾತು. ನೀರಾವರಿ ಅಧಿಕಾರಿಗಳ ಮುಂದೆ ಪರೀಕ್ಷೆ ಮೂರು ಸಲ ಓಡಿ, ಮೂರು ಸಲವೂ ‘ಪಾಸ್’ ಎಂದಿತ್ತು. ಅದರೊಳಗೇ ಬರೆದಿಟ್ಟ ಐದು ಊರುಗಳ ಅಂಕಿಗಳಿಗೆ ಅದು ಬೇರೆ ಏನು ಹೇಳೀತು?

“ಹೊರಗಿನ ಅಂಕಿ ತಗೊಳ್ಳಂಗಿಲ್ಲಪ್ಪ ಅದು,” ಎಂದ ಕೇಂದ್ರದ ಮುಖ್ಯಸ್ಥ ವಿರೂಪಾಕ್ಷಪ್ಪ.

“ತಗೊಳ್ತೈತ್ರಿ,” ಎಂದಳು ಕೀಲಿಮಣೆಯ ಮುಂದೆ ಕೂತಿದ್ದ ಶಿವಬಸಮ್ಮ.

ಕುರುಗೋಡಿನ ಈ ಹುಡುಗಿ ವರ್ಷವಿಡೀ ಕೂತು ಬರೆದ ಪ್ರೋಗ್ರಾಂ ಅದು. ಹೋದ ವರ್ಷ, 1987ರಲ್ಲಿ, ವಿರೂಪಾಕ್ಷಪ್ಪ ಅವಳ ಹೆಸರು ಅಳಿಸಿ ತನ್ನದು ಹಾಕಿಕೊಂಡು, ಅವಳನ್ನು ಟೈಪ್ ಮಾಡಲು ಕೂರಿಸಿದ್ದ. ಮರುವಾರವೇ ಅವಳಿಗೆ ತನ್ನದೇ ಒಂದು ತಪ್ಪು ಸಿಕ್ಕಿತು. ಕಾಲುವೆಯ ಮೊದಲಿನಿಂದ ಹೊಲದ ದೂರ ನೂರು ಕಿಲೋಮೀಟರ್ ದಾಟಿದರೆ ಪ್ರೋಗ್ರಾಂ ಕೊನೆಯ ಅಂಕಿಯನ್ನು ನುಂಗುತ್ತಿತ್ತು. ದಾರಿಯಲ್ಲಿ ಇಂಗುವ ನೀರಿನ ಲೆಕ್ಕ ತಪ್ಪಿ ಕಾಲುವೆ ಕೊನೆಯ ಹೊಲಗಳ ಸರದಿ ಮೊಟಕಾಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಪರೀಕ್ಷೆ ಓಡಿಸುವಾಗ ಯಾರು ಯಾವ ಅಂಕಿ ಹೊಡೆದರೂ ಅದನ್ನೇ ತೆಗೆದುಕೊಂಡು, ತಪ್ಪಿಲ್ಲದ ಇನ್ನೊಂದು ಲೆಕ್ಕದ ಜೊತೆ ತಾಳೆ ನೋಡುವಂತೆ ನಾಲ್ಕು ಸಾಲು ಸೇರಿಸಿ, ಸುಮ್ಮನೆ ಕೂತಳು. ಇಂಥದೊಂದು ಪ್ರಶ್ನೆಗಾಗಿ, ಹೋದ ಹಂಗಾಮೂ ಸೇರಿ, ಹತ್ತು ತಿಂಗಳು ಕಾದಳು.

“ದೂರ ಎಷ್ಟ್ರಿ?”

“ನೂರಾ ಹನ್ನೆರಡು.”

“ಎಕರೆ?”

“ನಾಲ್ಕು.”

ಅವಳು ಒಂದೊಂದೇ ಅಂಕಿ ಒತ್ತಿದಳು. ವಿರೂಪಾಕ್ಷಪ್ಪ “ಏ, ತಡಿಯವ್ವಾ!” ಎನ್ನುವಷ್ಟರಲ್ಲಿ ಪರದೆಯ ಮೇಲೆ ಮೂಡಿತ್ತು: ಫೇಲ್. ಸಿಗಬೇಕಾದ್ದು ಹನ್ನೆರಡು ತಾಸು, ಕೊಟ್ಟದ್ದು ಏಳು.

“ಯಾಕ್ರಿ ಹಿಂಗ? ನೀವೇ ಬರ್ದದ್ದಲ್ಲೇನು?” ಹಿರಿಯ ಅಧಿಕಾರಿ ಕೇಳಿದರು. ವಿರೂಪಾಕ್ಷಪ್ಪನ ಕುತ್ತಿಗೆಯ ಬೆವರು ಅಂಗಿಯೊಳಗೆ ಇಳಿಯುವುದನ್ನು ಶಿವಬಸಮ್ಮ ಕಣ್ತುಂಬ ನೋಡಿದಳು. ಎದೆ ತಣ್ಣಗಾಯಿತು.

ಅಷ್ಟರಲ್ಲಿ ಉಚ್ಚೆಂಗೆಪ್ಪ ಅವಳ ಪಕ್ಕಕ್ಕೆ ಬಂದ.

“ಹಂಗಾದ್ರ ಹೋದ ಸಲ ನಮಗ ನೀರು ಕಡಿಮಿ ಬಂದಿದ್ದು ಇದಕೇನವ್ವಾ? ತೆನಿ ಕಟ್ಟೂ ಹೊತ್ತಿಗೆ ಭತ್ತ ಒಣಗಿ ಹೋತು.”

“ಹೂಂ ರಿ.”

“ನಿನಗ ಇದು ಯಾವಾಗ ಗೊತ್ತಾತು?”

ಅವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವನು ಬಗ್ಗಿ, ಹನ್ನೆರಡರಿಂದ ಏಳರವರೆಗೆ ನಿಧಾನವಾಗಿ ಬೆರಳು ಎಳೆದ. ಪರದೆಯ ಗಾಜಿನ ಮೇಲೆ ಧೂಳಿನಲ್ಲಿ ಸಣ್ಣದೊಂದು ಗೆರೆ ಉಳಿಯಿತು.