ಮಾತು ಹೋದ ಹೆಂಗಸಿನ ಚೀಟಿಗಳು

ಆಸ್ಪತ್ರೆಯಿಂದ ಅಪ್ಪನ ಹೆಣ ಬರುವಷ್ಟರಲ್ಲಿ ಮೇಜು ಖಾಲಿಯಾಗಬೇಕಿತ್ತು. ಮಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅವನು ಹರಡಿಟ್ಟಿದ್ದ ಹಲ್ಲುಸೆಟ್ಟುಗಳನ್ನು ಬಕೆಟ್ಟಿಗೆ ಬಾಚುತ್ತಿದ್ದಳು. ಎಲ್ಲವೂ ಯಾರ್ಯಾರೋ ಸತ್ತವರವು. ಒಂದರ ಸಂದಿಯಲ್ಲಿ ಯಾವ ಕಾಲದ್ದೋ ಊಟದ ಚೂರು ಒಣಗಿ ಕೂತಿತ್ತು.

"ಹಾಗೆ ಸುರೀಬೇಡವೇ, ಒಡೆದು ಹೋದಾವು," ಎಂದಳು ಸೋದರತ್ತೆ.

"ಒಡೀಲಿ."

"ನಿನ್ನ ಹೊಲಿಗೆ ಮಿಷನ್ನು ಬಂದಿದ್ದೂ ಇದನ್ನ ಮಾರಿದ ದುಡ್ಡಿನಿಂದಲೇ ಕಣೆ."

"ಗೊತ್ತಾದ ದಿನವೇ ಅದನ್ನ ಮಾರಿಬಿಟ್ಟೆ."

ಅತ್ತೆ ಗಾಜಿನ ಕಣ್ಣುಗಳ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದಳು.

ಅಪ್ಪನ ಕಸುಬು ಅದು. ಸತ್ತವರ ಮನೆ ಖಾಲಿ ಮಾಡುವವರ ಹಿಂದೆ ಅಲೆದು, ಬೇರೆ ಯಾರೂ ಮುಟ್ಟದ್ದನ್ನು ಆರಿಸಿ ತರುತ್ತಿದ್ದ: ಕಿವಿಯ ಯಂತ್ರ, ಕತ್ತರಿಸಿಟ್ಟ ಜಡೆ, ಪೋಲಿಯೊ ಮಗುವಿನ ಕಬ್ಬಿಣದ ಬೂಟು. ಫೋಟೊ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು ಇಂಟರ್ನೆಟ್ಟಿಗೆ ಏರಿಸಿದರೆ ಎಲ್ಲೆಲ್ಲಿಯವರೋ ಮುಗಿಬೀಳುತ್ತಿದ್ದರು. "ವಸ್ತು ಯಾರಿಗೆ ಬೇಕು? ಅವರು ಕೊಳ್ಳೋದು ಕತೆ," ಎನ್ನುತ್ತಿದ್ದ.

*

ಗಂಟಲಿನ ಆಪರೇಷನ್ನಿನಲ್ಲಿ ಅಮ್ಮನ ಮಾತು ಹೋಗಿತ್ತು. ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆಯುತ್ತಿದ್ದಳು. ಓದು ಕಡಿಮೆ, ದೊಡ್ಡ ಳ ಅವಳ ಕೈಗೆ ಒಗ್ಗಲೇ ಇಲ್ಲ. "ಮಗಲು ಉಂಡಲಾ" ಎಂದು ಬರೆದು ತೋರಿಸಿದರೆ ಮಗಳು ನಗುತ್ತಿದ್ದಳು, ಅಮ್ಮನೂ ಸದ್ದಿಲ್ಲದೆ ನಗುತ್ತಿದ್ದಳು. ಯಾರಾದರೂ ಬರಬೇಕೆಂದರೆ ಚಮಚದಿಂದ ಲೋಟ ಬಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಮಗಳು ಅಂಗಡಿಯಿಂದ ಬಂದಾಗ ಲೋಟ ನೆಲದ ಮೇಲಿತ್ತು, ಅಮ್ಮನ ಮೈ ತಣ್ಣಗಾಗಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪ ದೀಪ ಹಾಕಿಕೊಂಡು ಹಲ್ಲಿನ ಫೋಟೊ ತೆಗೆಯುತ್ತಿದ್ದ.

"ಬಡಿದದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಇದೊಂದು ಮುಗಿಸಿ ಹೋಗೋಣ ಅಂತಿದ್ದೆ," ಎಂದ.

ಆರು ತಿಂಗಳ ನಂತರ ಅವನ ಇಂಟರ್ನೆಟ್ ಅಂಗಡಿಯ ಪುಟದಲ್ಲಿ ಹೊಸ ಸರಕು ಬಂತು. 'ಮಾತು ಹೋದ ಹೆಂಗಸಿನ ಚೀಟಿಗಳು. ಅಪರೂಪದ್ದು.' ಅಮ್ಮನ ಚೀಟಿಗಳನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಅಂಟಿಸಿದ್ದ. ಮಗಳು ಕೇಳಿದ್ದಕ್ಕೆ, "ಇಲ್ಲಿದ್ರೆ ಗೆದ್ದಲು ತಿನ್ನುತ್ತೆ. ಕೊಂಡವರು ಗಾಜಿನೊಳಗೆ ಇಡ್ತಾರೆ," ಎಂದ. ಅವಳು ಅಂದೇ ಮನೆ ಬಿಟ್ಟಳು. ಮತ್ತೆ ಅವನ ಮುಖ ನೋಡಿದ್ದು ಇವತ್ತೇ.

*

ಹೆಣವನ್ನು ಮೇಜಿನ ಮೇಲೆ ಮಲಗಿಸಿದರು. ಬಂದವರು ಕಡಿಮೆ. ಅವರಲ್ಲಿ ಒಬ್ಬ ಮುದುಕ ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದ. ಉಗುರುಗಳು ನೋಡಿದರೆ ಹೆದರಿಕೆಯಾಗುವಷ್ಟು ಚೊಕ್ಕಟವಾಗಿದ್ದವು. ಕಣ್ಣು ಮಾತ್ರ ಹೆಣವನ್ನು ಬಿಟ್ಟು ಕಪಾಟಿನ ಮೇಲೇ ಇತ್ತು.

"ನೀವು ಅವರ ಮಗಳಲ್ವಾ? ನಿಮ್ಮ ತಾಯಿಯ ಚೀಟಿಗಳು ನನ್ನ ಹತ್ರಾನೇ ಇವೆ."

ಅವಳಿಗೆ ಮೈ ಮೇಲೆ ಹುಳ ಹರಿದಂತಾಯಿತು. ಆದರೂ ಅವನು ಫೋನು ಚಾಚಿದಾಗ ಕೈ ತಾನಾಗಿ ಮುಂದೆ ಹೋಯಿತು. 'ನೀರು.' 'ಕಿಟಕಿ ಮುಚ್ಚು.' 'ಮಗಲಿಗೆ ಹೇಲಬೇಡಿ.' ಏನನ್ನು ಹೇಳಬಾರದಿತ್ತೋ! ಬೆರಳು ಅಲ್ಲಿ ನಿಂತು ಮತ್ತೆ ಸರಿಯಿತು.

"ಕೊನೆಯದು ನೋಡಿ. ಹಾಸಿಗೆ ಪಕ್ಕ ತೂಗುಹಾಕಿದ್ದೀನಿ. ಸಾಯೋ ದಿನ ಬರೆದದ್ದಂತೆ."

'ನೀವು ಒಳ್ಳೆಯವರು. ನನಗೆ ಕೋಪ ಇಲ್ಲ.'

ಅದೇ ನಡುಗುವ ಗೆರೆ, ಅದೇ ಪೆನ್ಸಿಲ್ಲು. ಆದರೆ ಳ ಮಾತ್ರ ಸ್ವಲ್ಪವೂ ತಪ್ಪಿರಲಿಲ್ಲ. ಸುರುಳಿ ಸುತ್ತಿ ಮುದ್ದಾಗಿ ಕೂತಿತ್ತು. ಪಾರ್ಸೆಲ್ಲುಗಳ ಮೇಲೆ ವಿಳಾಸ ಬರೆಯುವಾಗ ಅಪ್ಪ ಬರೆಯುತ್ತಿದ್ದ ಳ.

ಅವಳು ಮೇಜಿನ ಕಡೆ ನೋಡಿದಳು. ಅಪ್ಪ ಸತ್ತವಳ ಕೈಬರಹದಲ್ಲಿ ತನಗೆ ತಾನೇ ಕ್ಷಮೆ ಬರೆದುಕೊಂಡು, ಅದನ್ನೂ ಮಾರಿದ್ದ.

"ಇದು ನಮ್ಮಮ್ಮನ ಬರಹ ಅಲ್ಲ. ಅಪ್ಪನೇ ಬರೆದದ್ದು. ನಿಮಗೆ ಟೋಪಿ ಹಾಕಿದ್ದಾನೆ."

ಮುದುಕನ ಮುಖ ಬಾಡುವುದನ್ನು ನೋಡಬೇಕೆನಿಸಿತ್ತು ಅವಳಿಗೆ. ಅವನು ಫೋನನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದ.

"ಹಾಗಾದ್ರೆ ಇದು ಇನ್ನೂ ಅಪರೂಪದ್ದು," ಎಂದ ಮೆಲ್ಲಗೆ. "ಇದು ಅಪ್ಪನೇ ಬರೆದದ್ದು ಅಂತ ನೀವು ಬರೆದು ಕೊಡ್ತೀರಾ? ನಿಮ್ಮ ಮಾತಿನಲ್ಲೇ?"

"ನಡೀರಿ ಆಚೆ," ಎಂದಳು.

ಅವನು ತಲೆಬಾಗಿ ಬಾಗಿಲ ಕಡೆ ಸರಿದ. ಅಷ್ಟರಲ್ಲಿ ಸ್ಮಶಾನದ ಗಾಡಿ ಬಂತು. ಹೆಣ ಎತ್ತುವ ಮೊದಲು, ಆಸ್ಪತ್ರೆಯವರು ಮುಂಗೈಗೆ ಕಟ್ಟಿದ್ದ ಹೆಸರಿನ ಪ್ಲಾಸ್ಟಿಕ್ ಪಟ್ಟಿಯನ್ನು ಗಾಡಿಯವನು ಕತ್ತರಿಸಿ ನೆಲಕ್ಕೆ ಬಿಸಾಡಿದ. ಅತ್ತೆ ಅಳುತ್ತಾ ಹಿಂದೆ ಹೋದಳು, ಉಳಿದವರೂ ಹೋದರು. ಮಗಳು ಮೆಟ್ಟಿಲಿಳಿದು ಒಮ್ಮೆ ಹಿಂದಿರುಗಿ ನೋಡಿದಳು.

ಖಾಲಿ ಕೋಣೆಯಲ್ಲಿ ಮುದುಕ ಮಂಡಿಯೂರಿದ್ದ. ಕರವಸ್ತ್ರದ ತುದಿಯಿಂದ ಪಟ್ಟಿಯನ್ನೆತ್ತಿ, ಅದಕ್ಕಂಟಿದ್ದ ಬಿಳಿ ರೋಮ ಉದುರದಂತೆ ಉಸಿರು ಬಿಗಿಹಿಡಿದು, ಪಾರದರ್ಶಕ ಕವರಿನೊಳಗೆ ಇಳಿಬಿಡುತ್ತಿದ್ದ.